ನಾಲ್ಕು ಅಂಗೈ ನೆಲ

ಮಣಿಪಾಲದ ಟೈಗರ್ ಸರ್ಕಲ್ ಹತ್ತಿರ ಒಂದು ಟೊಯೊಟಾ ಹೈಲಕ್ಸ್ ಪಿಕಪ್ ಬಂದು ನಿಂತರೆ ಪಕ್ಕದ ಸ್ಕೂಟರ್ ಸವಾರರು ತಲೆಯೆತ್ತಿ ನೋಡುತ್ತಾರೆ. ಉದ್ದ 5.325 ಮೀಟರ್, ಅಗಲ 1.855 ಮೀಟರ್, ಎತ್ತರ 1.8 ಮೀಟರಿಗೂ ಮೇಲೆ, ತೂಕ ಎರಡು ಟನ್ನಿಗೂ ಹೆಚ್ಚು. ಕಣ್ಣು ಮೊದಲು ಹೋಗುವುದು ಎತ್ತರದ ಮೂತಿಗೆ, ಹಿಂದಿನ ತೆರೆದ ಬಾಡಿಗೆ, ದಪ್ಪ ಟಯರುಗಳಿಗೆ. ಈ ಗಾಡಿ ಏನು ಮಾಡಬಲ್ಲದು, ಏನು ಮಾಡಲಾರದು ಎಂದು ತೀರ್ಮಾನವಾಗುವ ಜಾಗ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಟಯರಿನ ಅಡಿಯಲ್ಲಿದೆ.

ಲೆಕ್ಕ ಸುಲಭ. ಟಯರಿಗೆ 35 ಪಿಎಸ್‌ಐ ಗಾಳಿ ತುಂಬಿಸಿದ್ದೀರಿ. ಅಂದರೆ ಒಳಗಿನ ಗಾಳಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ಎರಡೂವರೆ ಕಿಲೋ ಭಾರದಷ್ಟು ಒತ್ತುತ್ತಿದೆ. ಟಯರಿನ ಗೋಡೆಯ ಬಿಗುವನ್ನು ಸದ್ಯಕ್ಕೆ ಬದಿಗಿಟ್ಟರೆ, ಗಾಡಿಯನ್ನು ಹೊತ್ತಿರುವುದು ಈ ಗಾಳಿಯೇ. 2,100 ಕಿಲೋ ಹೊರಬೇಕಾದರೆ ಒಟ್ಟು 850 ಚದರ ಸೆಂ.ಮೀ. ರಬ್ಬರು ನೆಲಕ್ಕೆ ತಾಗಿರಬೇಕು. ನಾಲ್ಕು ಚಕ್ರಗಳಿಗೆ ಹಂಚಿದರೆ ತಲಾ 210 ಚಿಲ್ಲರೆ. ಬೆರಳು ಚಾಚಿದ ದೊಡ್ಡ ಅಂಗೈಯೊಂದರ ವಿಸ್ತಾರ ಅದು. ಓಟ, ತಿರುವು, ಬ್ರೇಕು, ಏರು ಎಲ್ಲವೂ ಆ ನಾಲ್ಕು ಅಂಗೈಗಳ ಮೂಲಕವೇ ನಡೆಯಬೇಕು. ಎಂಜಿನ್ನಿನ 204 ಅಶ್ವಶಕ್ತಿ ಎಷ್ಟೇ ಜೋರು ಮಾಡಿದರೂ ನೆಲ ಎಷ್ಟು ಕೊಡುತ್ತದೋ ಅಷ್ಟೇ ಸಿಗುವುದು.

ಉಡುಪಿ ಜಿಲ್ಲೆಯಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಕಾಪುವಿನ ಕಡಲತೀರದಿಂದ ಕಾರ್ಕಳಕ್ಕೆ ಹೋಗುವ ಒಂದೇ ಹಗಲಿನಲ್ಲಿ ಚಕ್ರದ ಕೆಳಗಿನ ನೆಲ ನಾಲ್ಕೈದು ಬಾರಿ ಬದಲಾಗುತ್ತದೆ: ಒಣ ಮರಳು, ಹೆದ್ದಾರಿಯ ಡಾಂಬರು, ಮುರಕಲ್ಲು, ಶೇಡಿ ಮಣ್ಣು, ಕೊನೆಗೆ ಕರಿಬಂಡೆ. ಮನೆ ಮಣಿಪಾಲದಲ್ಲಿ, ತೋಟ ಕಾರ್ಕಳದ ಆಚೆ, ನೆಂಟರು ಕಾಪುವಿನಲ್ಲಿ ಎಂಬಂಥ ಕುಟುಂಬಗಳು ಇಲ್ಲಿ ಬೇಕಾದಷ್ಟಿವೆ. ಇಸುಜು ಕಂಪನಿಯ ವಿ-ಕ್ರಾಸ್ 2016ರಲ್ಲಿ ಬಂತು. ಬಿಡದಿಯ ಕಾರ್ಖಾನೆಯಲ್ಲಿ ಜೋಡಣೆಯಾಗುವ ಹೈಲಕ್ಸ್ 2022ರಲ್ಲಿ ಬಂತು. ಇಂಥ ಕುಟುಂಬಗಳಲ್ಲಿ ಕೆಲವರಿಗೆ ಎಲ್ಲ ಕೆಲಸಕ್ಕೂ ಒಂದೇ ಗಾಡಿ ಸಾಕು ಎನಿಸಿದ್ದು ಆಗ. ಅದಕ್ಕೂ ಮೊದಲು ಪಿಕಪ್ ಎಂದರೆ ನಮ್ಮವರ ಮನಸ್ಸಿಗೆ ಬರುತ್ತಿದ್ದದ್ದು ಮಲ್ಪೆ ಬಂದರಿನಿಂದ ಮೀನಿನ ಕ್ರೇಟು ಹೊತ್ತು ನಸುಕಿನಲ್ಲಿ ಹೊರಡುವ ಬೊಲೆರೊ. ಈಗಲೂ ಹೊರೆ ಎಳೆಯುವುದರಲ್ಲಿ ಅದೇ ಮುಂದು. ಅದರಲ್ಲಿ 1.7 ಟನ್ ಹೊರುವ ಮಾದರಿಯೂ ಇದೆ, ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ ಈ ದುಬಾರಿ ಪಿಕಪ್‌ಗಳ ಭಾರಮಿತಿ ಟನ್ನಿಗಿಂತ ಬಹಳ ಕಡಿಮೆ. ಇವುಗಳನ್ನು ಕೊಳ್ಳುವವರು ಹಣ ಕೊಡುವುದು ಹೊರೆಗಲ್ಲ, ನೆಲ ಕೆಟ್ಟಿರುವ ಕಡೆಗೂ ಹೋಗಿ ಬರುವ ಸಾಮರ್ಥ್ಯಕ್ಕೆ. ಹಾಗಾದರೆ ಪ್ರತಿಯೊಂದು ನೆಲದಲ್ಲೂ ಆ ಸಾಮರ್ಥ್ಯ ಎಲ್ಲಿಂದ ಬರುತ್ತದೆ ಎಂದು ತಿಳಿದಿರುವುದು ಒಳ್ಳೆಯದು.

ಕಾಪುವಿನಿಂದಲೇ ಶುರುಮಾಡೋಣ. ಅಲ್ಲಿನ ದೀಪಸ್ತಂಭವನ್ನು 1901ರಲ್ಲಿ ಕಟ್ಟಿದವರು ಅದಕ್ಕೆ ಬಂಡೆಯನ್ನೇ ಆರಿಸಿದರು. 27 ಮೀಟರ್ ಎತ್ತರದ ಕಟ್ಟಡ ನೂರು ವರ್ಷಕ್ಕೂ ಮೀರಿ ಅಲುಗದೆ ನಿಂತಿದೆ. ಅದೇ ಬಂಡೆಯ ಬುಡದ ಮರಳಿನಲ್ಲಿ ಬರಿಗಾಲಲ್ಲಿ ನಡೆದರೂ ಪಾದ ಹೂಳುತ್ತದೆ. ಮರಳಿನ ಕಣಗಳನ್ನು ಒಂದಕ್ಕೊಂದು ಅಂಟಿಸುವುದು ಏನೂ ಇಲ್ಲ. ಅವು ಭಾರ ತಡೆಯುವುದು ಪರಸ್ಪರ ಉಜ್ಜಿಕೊಂಡು, ಒಂದನ್ನೊಂದು ಒತ್ತಿಹಿಡಿದು. ಒತ್ತಡ ಒಂದು ಮಿತಿ ಮೀರಿದರೆ ಕಣಗಳು ಪಕ್ಕಕ್ಕೆ ಸರಿಯುತ್ತವೆ, ಚಕ್ರ ಇಳಿಯುತ್ತದೆ. ಚಕ್ರ ಇಳಿದ ಮೇಲೆ ಅದರ ಮುಂದೆ ಮರಳಿನ ಒಂದು ಸಣ್ಣ ದಿಬ್ಬ ಎದ್ದಿರುತ್ತದೆ. ಗಾಡಿ ಈಗ ಸಮತಟ್ಟಿನಲ್ಲಿದ್ದರೂ ಪ್ರತಿ ಕ್ಷಣವೂ ಏರು ಹತ್ತಬೇಕು. ಚಾಲಕ ಆಕ್ಸಿಲರೇಟರ್ ಒತ್ತಿದರೆ ತಿರುಗುವ ಚಕ್ರ ತನ್ನ ಅಡಿಯ ಮರಳನ್ನೇ ಹಿಂದಕ್ಕೆ ಎರಚಿ, ಚಾಸಿ ನೆಲಕ್ಕೆ ತಾಗುವವರೆಗೂ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ.

ಪರಿಹಾರ ಎಂಜಿನ್ನಿನಲ್ಲಿಲ್ಲ, ಗಾಳಿ ಬಿಡುವ ಸಣ್ಣ ಕವಾಟದಲ್ಲಿದೆ. ಟಯರಿನ ಗಾಳಿಯನ್ನು 35ರಿಂದ 18 ಪಿಎಸ್‌ಐಗೆ ಇಳಿಸಿ. ಪ್ರತಿ ಚದರ ಸೆಂ.ಮೀ. ಈಗ ಹೊರುವುದು ಒಂದೂಕಾಲು ಕಿಲೋ ಮಾತ್ರ, ಆದ್ದರಿಂದ ತಾಗುವ ಜಾಗ 415 ಚದರ ಸೆಂ.ಮೀ.ಗೆ ಹಿಗ್ಗಬೇಕು. ಟಯರು ಅಗಲದಲ್ಲಿ ಹೆಚ್ಚೇನೂ ಉಬ್ಬುವುದಿಲ್ಲ, ಉದ್ದಕ್ಕೆ ಚಾಚಿಕೊಳ್ಳುತ್ತದೆ, ಮರಳಿನ ಮೇಲೆ ಪಟ್ಟಿ ಹಾಸಿದಂತಾಗಿ ಮುಂದಿನ ದಿಬ್ಬ ಕುಗ್ಗುತ್ತದೆ. ನಾಲ್ಕು ಚಕ್ರಗಳ ಶಕ್ತಿಗಿಂತ ಈ ಗಾಳಿ ಇಳಿಸುವ ಕೆಲಸವೇ ಎಷ್ಟೋ ಸಲ ಹೆಚ್ಚು ಉಪಕಾರಿ. ಇಷ್ಟಾಗಿ ಅಲೆ ಬಂದು ಹಿಂದೆ ಸರಿದ ಒದ್ದೆ ಮರಳು ಗಟ್ಟಿಯಾಗಿರುತ್ತದಲ್ಲ? ಕಣಗಳ ನಡುವೆ ಉಳಿದ ತೆಳುವಾದ ನೀರು ಮೇಲ್ಮೈ ಎಳೆತದಿಂದ ಅವನ್ನು ಹತ್ತಿರ ಸೆಳೆದಿಟ್ಟಿರುತ್ತದೆ. ಇನ್ನೂ ಎರಡು ಹೆಜ್ಜೆ ನೀರಿನತ್ತ ಹೋದರೆ ಸಂದುಗಳೆಲ್ಲ ನೀರಿನಿಂದ ತುಂಬಿ ಆ ಸೆಳೆತ ಇಲ್ಲವಾಗುತ್ತದೆ, ಕಣಗಳು ಪರಸ್ಪರ ಒತ್ತುವ ಬದಲು ನೀರಿನಲ್ಲೇ ತೇಲುತ್ತವೆ. ಗಟ್ಟಿ ನೆಲಕ್ಕೂ ಕೆಸರಿಗೂ ಇರುವ ಅಂತರ ಅಲ್ಲಿ ಕೆಲವೇ ಮೀಟರು, ಉಬ್ಬರ ಏರುತ್ತಿದ್ದರೆ ಕೆಲವೇ ನಿಮಿಷ.

ಇಷ್ಟು ಹೇಳಿದ ಮೇಲೂ ನನ್ನ ಅಭಿಪ್ರಾಯ: ದೋಣಿ ಎಳೆಯಲು, ಬಲೆ ಸಾಗಿಸಲು ಬೇಕಾದವರನ್ನು ಬಿಟ್ಟು ಬೇರೆ ಯಾರೂ ಬೀಚಿಗೆ ಗಾಡಿ ಇಳಿಸಬಾರದು. ನಮ್ಮ ಜಿಲ್ಲೆಯ ಕರಾವಳಿಗೆ, ಕುಂದಾಪುರದ ಕೋಡಿಯಂಥ ಕಡೆ, ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮೊಟ್ಟೆಯೊಡೆದು ಹೊರಬಂದ ಮರಿ ನಾಲ್ಕೈದು ಸೆಂಟಿಮೀಟರಿನದು. ಟಯರು ಬಿಟ್ಟುಹೋದ ಆಳದ ಗಾಲಿಜಾಡು ಅದಕ್ಕೆ ದಾಟಲಾಗದ ಕಂದಕ. ಜಾಡಿನೊಳಗೆ ಸಿಕ್ಕಿಬಿದ್ದು ಉದ್ದಕ್ಕೆ ಓಡುವ ಮರಿ ಸಮುದ್ರ ಮುಟ್ಟುವ ಮೊದಲೇ ಕಾಗೆಗೋ ನಾಯಿಗೋ ಬಲಿಯಾಗಬಹುದು.

ಕಾಪುವಿನಲ್ಲಿ ಮರಳಿಗೆ ಇಳಿಯದಿದ್ದರೂ ಕಡಲು ಗಾಡಿಯನ್ನು ಮುಟ್ಟುತ್ತದೆ. ಅಲೆ ಒಡೆದಾಗ ಏಳುವ ಸಣ್ಣ ಹನಿಗಳು ಗಾಳಿಯಲ್ಲಿ ತೇಲಿ ಬಂದು ಲೋಹದ ಮೇಲೆ ಉಪ್ಪಾಗಿ ಕೂರುತ್ತವೆ. ಒಣ ಉಪ್ಪು ಒಣ ಕಬ್ಬಿಣಕ್ಕೆ ಅಷ್ಟೇನೂ ಕೆಡುಕು ಮಾಡದು. ತೊಂದರೆ ಎಂದರೆ ಇಲ್ಲಿ ಅದು ಒಣಗುವುದೇ ಇಲ್ಲ. ಅಡುಗೆಯ ಉಪ್ಪು ಗಾಳಿಯ ತೇವಾಂಶ ಶೇ. 75 ದಾಟಿದರೆ ತಾನೇ ನೀರು ಹೀರಿ ಕರಗುತ್ತದೆ, ಕಡಲುಪ್ಪಿನಲ್ಲಿ ಬೆರೆತ ಮೆಗ್ನೀಶಿಯಮ್ ಕ್ಲೋರೈಡಿಗೆ ಶೇ. 33ರ ಆಸುಪಾಸಿನ ತೇವವೇ ಸಾಕು. ಕರಾವಳಿಯ ಗಾಳಿ ಅಷ್ಟು ಒಣಗುವ ದಿನ ಅಪರೂಪ. ಹಾಗಾಗಿ ಮಳೆಯೇ ಇಲ್ಲದ ಫೆಬ್ರವರಿಯಲ್ಲೂ ಚಾಸಿಯ ಮೇಲೆ ಕಣ್ಣಿಗೆ ಕಾಣದ ಉಪ್ಪುನೀರಿನ ಪದರ ಇರುತ್ತದೆ. ಆ ಪದರ ವಿದ್ಯುತ್ತನ್ನು ಚೆನ್ನಾಗಿ ಸಾಗಿಸುತ್ತದೆ. ಕಬ್ಬಿಣ ಒಂದು ಕಡೆ ಇಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ, ಇನ್ನೊಂದು ಕಡೆ ಆಮ್ಲಜನಕ ಅವನ್ನು ಎತ್ತಿಕೊಳ್ಳುತ್ತದೆ, ಕ್ಲೋರೈಡು ತುಕ್ಕಿನ ರಕ್ಷಣಾ ಪದರವನ್ನು ಒಡೆಯುತ್ತಲೇ ಇರುತ್ತದೆ. ಪಿಕಪ್‌ಗಳಿಗೆ ಇದು ಹೆಚ್ಚು ಮುಖ್ಯ. ಸಣ್ಣ ಕಾರುಗಳಲ್ಲಿ ಇಡೀ ದೇಹವೇ ಭಾರ ಹೊರುವ ಪೆಟ್ಟಿಗೆ. ಪಿಕಪ್ಪಿನಲ್ಲಿ ಏಣಿಯ ಆಕಾರದ ಉಕ್ಕಿನ ಚಾಸಿ ಪ್ರತ್ಯೇಕವಾಗಿ ಕೆಳಗಿದೆ, ಅದರ ಉದ್ದನೆಯ ತೊಲೆಗಳು ಒಳಗೆ ಟೊಳ್ಳು. ಕೆಸರೂ ಉಪ್ಪೂ ಒಳಸೇರಿ ಅಲ್ಲೇ ಕೂತರೆ ತುಕ್ಕು ಒಳಗಿನಿಂದ ತಿನ್ನುತ್ತದೆ, ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಬಾವಿಯ ಸಿಹಿನೀರಿನ ಪೈಪು ಹಿಡಿದು ಕೆಳಭಾಗವನ್ನೂ ತೊಲೆಯ ರಂಧ್ರಗಳನ್ನೂ ತೊಳೆಯುವುದು ಕಾಪು, ಮಲ್ಪೆ, ಪಡುಬಿದ್ರಿಯವರಿಗೆ ಬಾನೆಟ್ಟಿಗೆ ಪಾಲಿಶ್ ಹಾಕುವುದಕ್ಕಿಂತ ನೂರುಪಾಲು ಲಾಭದ ಕೆಲಸ.

ಮರಳಿಗಾಗಿ ಗಾಳಿ ಇಳಿಸಿದವರು ರಾಷ್ಟ್ರೀಯ ಹೆದ್ದಾರಿ 66ಕ್ಕೆ ಹತ್ತುವ ಮೊದಲು ಮತ್ತೆ ತುಂಬಿಸಲೇಬೇಕು. ಟಯರಿನ ಗೋಡೆ ಮಡಚಿ ಬಿಸಿಯಾಗುತ್ತದೆ ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಮಳೆಗೆ ಸಂಬಂಧಿಸಿದ್ದು, ಅದು ಅಷ್ಟಾಗಿ ಗೊತ್ತಿಲ್ಲ. 1960ರ ದಶಕದಲ್ಲಿ ನಾಸಾದ ವಾಲ್ಟರ್ ಹಾರ್ನ್ ವಿಮಾನದ ಟಯರುಗಳ ಮೇಲೆ ಪ್ರಯೋಗ ಮಾಡುತ್ತ, ನೀರು ನಿಂತ ರನ್‌ವೇಯಲ್ಲಿ ಟಯರು ಯಾವ ವೇಗದಲ್ಲಿ ನೆಲ ಬಿಟ್ಟು ನೀರಿನ ಮೇಲೆ ಜಾರತೊಡಗುತ್ತದೆ ಎಂಬುದಕ್ಕೆ ಒಂದು ಸೂತ್ರ ಕಂಡುಕೊಂಡರು. ಗಮನಿಸಬೇಕಾದ್ದೆಂದರೆ ಸೂತ್ರದಲ್ಲಿ ವಾಹನದ ತೂಕವೇ ಇಲ್ಲ. ಇರುವುದು ಗಾಳಿಯ ಒತ್ತಡದ ವರ್ಗಮೂಲ. ತೂಕ ಹೆಚ್ಚಿದರೆ ತಾಗುವ ಜಾಗವೂ ಅಷ್ಟೇ ಹಿಗ್ಗುತ್ತದೆ, ಹಾಗಾಗಿ ಪ್ರತಿ ಚದರ ಸೆಂಟಿಮೀಟರಿನ ಪಾಲು ಬದಲಾಗುವುದಿಲ್ಲ. ಆ ಸೂತ್ರದ ಪ್ರಕಾರ 35 ಪಿಎಸ್‌ಐ ಇದ್ದಾಗ ಜಾರುವ ವೇಗ ಗಂಟೆಗೆ ಸುಮಾರು 98 ಕಿ.ಮೀ., 18 ಇದ್ದಾಗ ಸುಮಾರು 70. ರಸ್ತೆ ಟಯರಿನ ಗೀರು, ಸವೆತ, ನೀರಿನ ಆಳ ಇವೆಲ್ಲ ಸೇರಿ ಅಂಕಿ ಆಚೀಚೆ ಆದೀತು, ದಿಕ್ಕು ಮಾತ್ರ ಬದಲಾಗದು. ಗಾಡಿ ಭಾರ ಇದೆ, ನೀರನ್ನು ಒತ್ತಿಕೊಂಡು ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಅದು ಅಪಾಯದ ನಂಬಿಕೆ.

ನಿಲ್ಲಿಸುವ ವಿಷಯದಲ್ಲೂ ಹಾಗೇ. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ವ್ಯವಸ್ಥೆ ಗಾಡಿಯನ್ನು ಹೊರಡಿಸಲು ನೆರವಾಗುತ್ತದೆ. ಬ್ರೇಕು ಎಲ್ಲ ಗಾಡಿಗಳಲ್ಲೂ ನಾಲ್ಕು ಚಕ್ರಕ್ಕೇ ಇರುವುದರಿಂದ ನಿಲ್ಲಿಸುವಾಗ ಅದರಿಂದ ಯಾವ ಹೆಚ್ಚುಗಾರಿಕೆಯೂ ಇಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಒಣ ಡಾಂಬರಿನ ಮೇಲೆ ಬ್ರೇಕು ಪೂರ್ತಿ ಒತ್ತಿದ ಮೇಲೆ ನಿಲ್ಲಲು ಸುಮಾರು 36 ಮೀಟರ್ ಬೇಕು. ಒದ್ದೆಯಾಗಿ ಹಿಡಿತ ಕಡಿಮೆಯಾದ ರಸ್ತೆಯಲ್ಲಿ ಅದು 60 ಮೀಟರ್ ದಾಟುತ್ತದೆ. ಎದುರಿನದನ್ನು ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಇನ್ನೂ 22 ಮೀಟರ್ ಕಳೆದಿರುತ್ತದೆ. ಇಷ್ಟರಲ್ಲೇ ನಿಲ್ಲಲಾಗದೆ ಢಿಕ್ಕಿಯಾದರೆ ತೂಕದ ಮಾತು ಬರುತ್ತದೆ: ಅದೇ ವೇಗದಲ್ಲಿ 900 ಕಿಲೋದ ಸಣ್ಣ ಕಾರಿಗಿಂತ ಈ ಪಿಕಪ್ಪಿನ ಚಲನಶಕ್ತಿ ಎರಡು ಪಟ್ಟಿಗೂ ಹೆಚ್ಚು. ಕಟಪಾಡಿ, ಉದ್ಯಾವರ, ಕಾಪು ಪೇಟೆಗಳಲ್ಲಿ ಹೆದ್ದಾರಿ ದಾಟುವ ಜನ ಆ ಶಕ್ತಿಗೆ ಎದುರಾಗಿ ನಡೆಯುತ್ತಿರುತ್ತಾರೆ.

ಎತ್ತರದ ಮೂತಿಯ ಬಗ್ಗೆಯೂ ಇಲ್ಲೇ ಹೇಳಿಬಿಡಬೇಕು. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ 2023ರಲ್ಲಿ ಸುಮಾರು 18,000 ಪಾದಚಾರಿ ಅಪಘಾತಗಳನ್ನು ಪರಿಶೀಲಿಸಿತು. ಬಾನೆಟ್ಟಿನ ಮುಂಚೂಣಿ 40 ಇಂಚಿಗಿಂತ ಎತ್ತರ ಇರುವ ವಾಹನಗಳು, 30 ಇಂಚಿನ ಒಳಗಿದ್ದು ಇಳಿಜಾರಾದ ಮೂತಿಯ ವಾಹನಗಳಿಗಿಂತ, ಪಾದಚಾರಿಯ ಸಾವಿಗೆ ಕಾರಣವಾಗುವ ಸಂಭವ ಶೇ. 45ರಷ್ಟು ಹೆಚ್ಚು ಎಂದು ಅದು ಕಂಡಿತು. ತಗ್ಗಿನ ಮೂತಿ ಕಾಲಿಗೆ ತಾಗಿ ಮನುಷ್ಯನನ್ನು ಬಾನೆಟ್ಟಿನ ಮೇಲೆ ಎತ್ತಿ ಹಾಕುತ್ತದೆ. ಎತ್ತರದ ಮೂತಿ ಎದೆಗೆ, ಮಕ್ಕಳಾದರೆ ತಲೆಗೆ ಬಡಿದು ಕೆಳಕ್ಕೆ ಕೆಡವುತ್ತದೆ. ಕಾಣದ ಜಾಗದ ಲೆಕ್ಕ ಬೇರೆ. ಚಾಲಕನ ಕಣ್ಣು ನೆಲದಿಂದ 1.55 ಮೀಟರ್ ಎತ್ತರದಲ್ಲಿ, ಬಾನೆಟ್ಟಿನ ತುದಿ ಕಣ್ಣಿನಿಂದ ಎರಡು ಮೀಟರ್ ಮುಂದೆ, 1.1 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಕಣ್ಣಿನಿಂದ ಆ ತುದಿಗೆ ಗೆರೆ ಎಳೆದು ಮುಂದುವರಿಸಿದರೆ ಅದು ನೆಲ ಮುಟ್ಟುವುದು ಗಾಡಿಯಿಂದ ಸುಮಾರು ಐದು ಮೀಟರ್ ಆಚೆ. ಅಂಗಳದಲ್ಲಿ ಕೂತು ಆಡುವ ಮಗು ಎರಡು ಮೀಟರ್ ದೂರದಲ್ಲಿದ್ದರೂ ಚಾಲಕನಿಗೆ ಕಾಣಿಸದು. ಮನೆಯಂಗಳದಿಂದ ಗಾಡಿ ಹೊರಡಿಸುವ ಮುಂಚೆ ಒಂದು ಸುತ್ತು ನಡೆದು ನೋಡುವುದನ್ನು ಇಂಥ ಗಾಡಿ ಇಟ್ಟುಕೊಂಡವರು ಎಂದೂ ಬಿಡಬಾರದು.

ಇನ್ನು ದಿನದ ಓಡಾಟ. ಉಡುಪಿಯಿಂದ ಮಣಿಪಾಲಕ್ಕೆ ಏರು ಐವತ್ತು ಮೀಟರಿನಷ್ಟು. ಎರಡು ಟನ್ನನ್ನು ಅಷ್ಟು ಎತ್ತರಕ್ಕೆ ಏರಿಸಲು ಬೇಕಾಗುವ ಡೀಸೆಲ್ ಸುಮಾರು 95 ಮಿಲಿಲೀಟರ್, ಸಣ್ಣ ಕಾರಿಗೆ ಅದರ ಅರ್ಧಕ್ಕಿಂತಲೂ ಕಡಿಮೆ. ಇದು ದೊಡ್ಡ ವೆಚ್ಚವಲ್ಲ. ನಿಜವಾದ ತೊಂದರೆ ಈ ಓಡಾಟ ತೀರಾ ಗಿಡ್ಡದಾಗಿರುವುದು. 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿಎಸ್-6 ಹೊಗೆ ನಿಯಮಕ್ಕೆ ತಕ್ಕಂತೆ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಒಂದು ಸೋಸುಕ ಬಂತು, ಗ್ಯಾರೇಜಿನಲ್ಲಿ ಎಲ್ಲರೂ ಡಿಪಿಎಫ್ ಎನ್ನುತ್ತಾರೆ. ಸೂಕ್ಷ್ಮ ರಂಧ್ರಗಳ ಪಿಂಗಾಣಿಯ ಆ ಉರುಳೆ ತುಂಬಿದಂತೆಲ್ಲ ಮಸಿಯನ್ನು ಸುಟ್ಟು ಖಾಲಿ ಮಾಡಬೇಕು. ಸುಡಲು 600 ಡಿಗ್ರಿಯ ಆಸುಪಾಸಿನ ಬಿಸಿ ಬೇಕು. ಪೇಟೆಯ ನಿಧಾನದ ಓಟದಲ್ಲಿ ಹೊಗೆಯ ಬಿಸಿ ಅದರ ಅರ್ಧಕ್ಕೂ ಏರುವುದು ಕಷ್ಟ. ಆಗ ಗಾಡಿಯ ಕಂಪ್ಯೂಟರ್ ತಾನಾಗಿಯೇ ಹೆಚ್ಚು ಡೀಸೆಲ್ ಬಿಟ್ಟು ಉರಿ ಎಬ್ಬಿಸುತ್ತದೆ. ಉರಿಯುತ್ತಿರುವಾಗಲೇ ನೀವು ಕಾಲೇಜು ತಲುಪಿ ಎಂಜಿನ್ ಆಫ್ ಮಾಡಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಹೀಗೆ ಮತ್ತೆ ಮತ್ತೆ ನಿಂತರೆ ಸೋಸುಕ ಕಟ್ಟಿಕೊಳ್ಳುತ್ತದೆ, ಉರಿಯದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಯ ಮೂಲಕ ಇಳಿದು ಎಂಜಿನ್ ಆಯಿಲಿಗೆ ಬೆರೆತು ಅದನ್ನು ತೆಳುವಾಗಿಸುತ್ತದೆ. ಆಯಿಲಿನ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಖುಷಿಪಡಬೇಡಿ, ಗ್ಯಾರೇಜಿಗೆ ಹೋಗಿ. ಮಣಿಪಾಲದಿಂದ ಹಿರಿಯಡಕ, ಬೈಲೂರು ಮೇಲೆ ಕಾರ್ಕಳಕ್ಕೆ ಹೋಗುವ ಮೂವತ್ತು ಚಿಲ್ಲರೆ ಕಿಲೋಮೀಟರಿನ ನಿಲ್ಲದ ಓಟ ಈ ಸೋಸುಕಕ್ಕೆ ಅತ್ಯುತ್ತಮ ಔಷಧ. ವಾರದಲ್ಲಿ ಒಮ್ಮೆ ತೋಟಕ್ಕೆ ಹೋಗುವವರಿಗೆ ಅದು ತಾನಾಗಿ ಸಿಗುತ್ತದೆ. ಮಣಿಪಾಲದಲ್ಲೇ ಸುತ್ತುವವರು ಡೀಸೆಲ್ ಪಿಕಪ್ ಕೊಳ್ಳುವ ಮುಂಚೆ ಇದನ್ನು ಯೋಚಿಸಲೇಬೇಕು.

ತಿರುವುಗಳ ಮಾತು. ಹೈಲಕ್ಸಿನ ಮುಂದಿನ, ಹಿಂದಿನ ಚಕ್ರಗಳ ನಡುವೆ 3.085 ಮೀಟರ್ ಅಂತರ. ತಿರುಗುವಾಗ ಹಿಂದಿನ ಚಕ್ರ ಮುಂದಿನದರ ಜಾಡಿನಲ್ಲೇ ಬರುವುದಿಲ್ಲ, ಒಳಕ್ಕೆ ಕತ್ತರಿಸುತ್ತದೆ. 6.4 ಮೀಟರ್ ತ್ರಿಜ್ಯದ ತಿರುವಿನಲ್ಲಿ ಪೈಥಾಗೊರಸ್ ಸೂತ್ರ ಹಾಕಿ ನೋಡಿದರೆ ಅದು 79 ಸೆಂ.ಮೀ. ಒಳಬರುತ್ತದೆ. ಅದೇ ತಿರುವಿನಲ್ಲಿ 2.45 ಮೀಟರ್ ಅಂತರದ ಸಣ್ಣ ಕಾರಿನದು 49 ಸೆಂ.ಮೀ. ಹಳೆಯ ಮುರಕಲ್ಲಿನ ಪಾಗಾರಗಳ ನಡುವಿನ ಓಣಿಯಲ್ಲಿ ಈ ಒಂದು ಅಡಿಯ ವ್ಯತ್ಯಾಸವೇ ಹಿಂದಿನ ಬಾಗಿಲ ಮೇಲೆ ಗೀರು ಮೂಡಿಸುವುದು. ಕಾರಿಗೆಂದು ಸಾಮಾನ್ಯವಾಗಿ ಗುರುತು ಹಾಕುವ ಪಾರ್ಕಿಂಗ್ ಚೌಕ ಐದು ಮೀಟರ್ ಉದ್ದ, ಗಾಡಿಯ ಒಂದು ಅಡಿ ಹೊರಗೇ ಉಳಿಯುತ್ತದೆ. ಹೀಗಿರುವಾಗ ಕೆಲವರು ಮಳೆಗಾಲ ಶುರುವಾದೊಡನೆ ನಾಲ್ಕು ಚಕ್ರದ ಗುಂಡಿ ಒತ್ತಿ ಊರಿನಲ್ಲೂ ಹಾಗೇ ಓಡಿಸುತ್ತಾರೆ. ಈ ಗಾಡಿಗಳಲ್ಲಿ ಆ ಗುಂಡಿ ಒತ್ತಿದಾಗ ಮುಂದಿನ, ಹಿಂದಿನ ಅಚ್ಚುಗಳು ಒಂದೇ ವೇಗದಲ್ಲಿ ತಿರುಗುವಂತೆ ಬೆಸೆದುಕೊಳ್ಳುತ್ತವೆ. ಪೂರ್ತಿ ಸ್ಟಿಯರಿಂಗ್ ತಿರುಗಿಸಿ ಒಂದು ಸುತ್ತು ಬಂದರೆ ಹೊರಬದಿಯ ಮುಂದಿನ ಚಕ್ರ 40 ಮೀಟರ್ ಓಡಬೇಕು, ಅದರ ಹಿಂದಿನದು 35. ಮಣ್ಣಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಈ ಐದು ಮೀಟರನ್ನು ಸರಿದೂಗಿಸುತ್ತದೆ. ಗಟ್ಟಿ ಡಾಂಬರಿನಲ್ಲಿ ಜಾರಲಾಗದೆ ಆ ತಿಕ್ಕಾಟ ಗೇರುಗಳಲ್ಲೂ ಶಾಫ್ಟುಗಳಲ್ಲೂ ಬಿಗಿತವಾಗಿ ಸೇರುತ್ತದೆ, ಗಾಡಿ ಹಿಡಿದೆಳೆದಂತೆ ಕುಪ್ಪಳಿಸುತ್ತದೆ. ಊರೊಳಗಿನ ಟಾರು ರಸ್ತೆಗೆ ಎರಡು ಚಕ್ರವೇ ಸರಿ.

ಮಣಿಪಾಲ ಕೂತಿರುವುದು ಮುರಕಲ್ಲಿನ ಪದವಿನ ಮೇಲೆ. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಕೇರಳದ ಅಂಗಾಡಿಪುರಂನಲ್ಲಿ ಕಂಡ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಲಕ್ಷಾಂತರ ವರ್ಷ ಸುರಿದ ಮಳೆ ಮೂಲಶಿಲೆಯ ಸಿಲಿಕಾವನ್ನೂ ಕರಗುವ ಇತರ ಲವಣಗಳನ್ನೂ ತೊಳೆದುಕೊಂಡು ಹೋಗಿ, ಕಬ್ಬಿಣ, ಅಲ್ಯುಮಿನಿಯಮ್ಮಿನ ಆಕ್ಸೈಡುಗಳನ್ನು ಮಾತ್ರ ಬಿಟ್ಟಿದೆ. ನೆಲದೊಳಗೆ ಹಾರೆಗೂ ಮಣಿಯುವಷ್ಟು ಮೆದು, ಗಾಳಿಬಿಸಿಲಿಗೆ ಬಂದ ಮೇಲೆ ಮನೆ ಕಟ್ಟುವಷ್ಟು ಗಟ್ಟಿ. ರಂಧ್ರಗಳ ಒರಟು ಮೇಲ್ಮೈ ಟಯರಿಗೆ ಒಳ್ಳೆಯ ಹಿಡಿತ ಕೊಡುತ್ತದೆ. ಜೂನ್ ಕಳೆದ ಮೇಲೆ ಅದರ ಮೇಲೆ ಪಾಚಿ ಕಟ್ಟುವವರೆಗೆ ಮಾತ್ರ. ಆಮೇಲೆ ಅದೇ ಕಲ್ಲು ಎಣ್ಣೆ ಸವರಿದ ಹಾಗೆ.

ಈ ಗಟ್ಟಿ ಚಾವಣಿಯ ಕೆಳಗಿದೆ ಶೇಡಿ. ಬೆಳ್ಳಗೆ, ನಸುಗೆಂಪಗೆ, ಹಳದಿಯಾಗಿ ರಸ್ತೆ ಕಡಿದ ಬರೆಗಳಲ್ಲಿ ಕಾಣುವ ನಯವಾದ ಮಣ್ಣು. ಮೂಲಶಿಲೆ ಜೇಡಿಯಾಗಿ ಕೊಳೆತು ಉಳಿದದ್ದು. ಬೇಸಿಗೆಯಲ್ಲಿ ಗುದ್ದಲಿ ಹಾಕಿದರೆ ಸದ್ದಾಗುವಷ್ಟು ಬಿಗಿ, ನೀರು ಕುಡಿಯಿತೆಂದರೆ ಬಲವೆಲ್ಲ ಹೋಗಿ ಕೈಯಲ್ಲಿ ಕರಗುತ್ತದೆ. ಹಿರಿಯಡಕ, ಬೈಲೂರು ಕಡೆ ಗುಡ್ಡ ಕಡಿದು ಮಾಡಿದ ತೋಟದ ದಾರಿಗಳಲ್ಲಿ ಮೇಲಿನ ಮುರಕಲ್ಲು ತೆಗೆದು ಶೇಡಿ ಬಯಲಾಗಿದ್ದರೆ ಆಷಾಢದಲ್ಲಿ ಅಲ್ಲಿ ಕಾಲಿಡುವುದೂ ಕಷ್ಟ. ಟಯರಿನ ಗೀರುಗಳೊಳಗೆ ಅದು ಮೆತ್ತಿಕೊಂಡು ಟಯರನ್ನು ನುಣ್ಣಗೆ ಮಾಡಿಬಿಡುತ್ತದೆ. ಇಂಥಲ್ಲಿ ಪಿಕಪ್ಪಿನ ಹುಟ್ಟುಗುಣವೇ ಎದುರಾಗುತ್ತದೆ. ಎಂಜಿನ್, ಗೇರ್ ಪೆಟ್ಟಿಗೆ, ಕ್ಯಾಬಿನ್ ಎಲ್ಲ ಮುಂದಿವೆ. ಹಿಂದೆ ಖಾಲಿ ಬಾಡಿ. ಎರಡು ಚಕ್ರದ ಓಟದಲ್ಲಿ ಶಕ್ತಿ ಹೋಗುವುದು ಹೆಚ್ಚು ಭಾರವಿಲ್ಲದ ಆ ಹಿಂದಿನ ಚಕ್ರಗಳಿಗೆ. ಹಿಡಿತ ಎಂದರೆ ಭಾರ ಗುಣಿಸು ಘರ್ಷಣೆಯ ಪ್ರಮಾಣ. ಎರಡೂ ಕಡಿಮೆಯಿರುವ ಕಡೆ ಬಾಲ ಪಕ್ಕಕ್ಕೆ ಸರಿಯುತ್ತದೆ. ನಾಲ್ಕು ಚಕ್ರದ ವ್ಯವಸ್ಥೆಗೆ ಅರ್ಥ ಬರುವುದು ಇಲ್ಲಿ: ಮುಂದಿನ ಭಾರವೂ ಎಳೆತಕ್ಕೆ ಸೇರುತ್ತದೆ.

ಆದರೂ ಒಂದು ಚಕ್ರ ತೋಡಿನ ಅಂಚಿಗೆ ಇಳಿದು ಗಾಳಿಯಲ್ಲಿ ತೂಗಿದರೆ ಅದು ಸುಮ್ಮನೆ ಗಿರಗಿರನೆ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಜೊತೆಯ ಚಕ್ರ ಅಲುಗುವುದಿಲ್ಲ. ಎರಡು ಚಕ್ರಗಳ ನಡುವಿನ ಡಿಫರೆನ್ಶಿಯಲ್ ಅವುಗಳಿಗೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುತ್ತದೆ, ತಿರುಚುವ ಬಲವನ್ನು ಮಾತ್ರ ಸಮನಾಗಿ ಹಂಚುತ್ತದೆ. ಗಾಳಿಯಲ್ಲಿರುವ ಚಕ್ರ ಬಲವನ್ನೇ ಕೇಳದು. ಹಾಗಾಗಿ ಇನ್ನೊಂದಕ್ಕೆ ಸಿಗುವುದೂ ಹೆಚ್ಚುಕಡಿಮೆ ಸೊನ್ನೆ. ಹಿಂದಿನ ಡಿಫರೆನ್ಶಿಯಲ್ ಬೀಗ ಹಾಕುವ ಗುಂಡಿ ಒತ್ತಿದಾಗ ಎರಡೂ ಚಕ್ರ ಒಂದೇ ದಂಡವಾಗಿ ತಿರುಗಿ, ನೆಲ ಸಿಕ್ಕ ಚಕ್ರ ಗಾಡಿಯನ್ನು ಮೇಲೆತ್ತುತ್ತದೆ. ಎದ್ದ ಕೂಡಲೇ ಬೀಗ ತೆಗೆಯಬೇಕು, ಇಲ್ಲದಿದ್ದರೆ ಗಾಡಿ ತಿರುವನ್ನೇ ಒಪ್ಪದು.

ಮಳೆಯ ಇನ್ನೊಂದು ಮುಖ ನಿಂತ ನೀರು, ಹರಿಯುವ ನೀರು. 2020ರ ಸೆಪ್ಟೆಂಬರ್ 20ರಂದು ಉಡುಪಿ ಒಂದೇ ರಾತ್ರಿಯ ಮಳೆಗೆ ಮುಳುಗಿದ್ದು ನೆನಪಿದೆಯಲ್ಲ. ಸ್ವರ್ಣಾ ನದಿ ಉಕ್ಕಿತು, ಕಲ್ಸಂಕದ ಸುತ್ತ ಮನೆಯೊಳಗೆ ನೀರು ನುಗ್ಗಿತು. ಹೈಲಕ್ಸ್ 70 ಸೆಂ.ಮೀ. ಆಳದ ನೀರು ದಾಟಬಲ್ಲದು ಎನ್ನುತ್ತದೆ ಕಂಪನಿ. ಆ ಅಂಕಿಯನ್ನು ನಿಂತ ನೀರಿಗೆ ಮಾತ್ರ ಇಟ್ಟುಕೊಳ್ಳಿ. ಕ್ಯಾಬಿನ್ನಿನ ತಳ ಸುಮಾರು ನಾಲ್ಕು ಚದರ ಮೀಟರ್. ನೀರು ಆ ತಳದಿಂದ ಮೇಲೇರುವ ಪ್ರತಿ ಹತ್ತು ಸೆಂಟಿಮೀಟರಿಗೆ, ಒಳಗೆ ನುಗ್ಗದಿರುವವರೆಗೆ, ಆರ್ಕಿಮಿಡೀಸ್ ನಿಯಮದಂತೆ ಗಾಡಿಯ 400 ಕಿಲೋ ತೂಕ ಇಳಿಯುತ್ತದೆ. ಗಾಳಿ ತುಂಬಿದ ದೊಡ್ಡ ಟಯರುಗಳು ಮುಳುಗಿ ಇನ್ನೂ 300 ಕಿಲೋ ಎತ್ತುತ್ತವೆ. ನೀರು ತಳಕ್ಕಿಂತ 15 ಸೆಂ.ಮೀ. ಮೇಲಿದ್ದರೆ ನೆಲಕ್ಕೆ ಒತ್ತುತ್ತಿರುವುದು ಬರೀ 1,200 ಕಿಲೋ. ಕೆಸರು ಕೂತ ರಸ್ತೆಯಲ್ಲಿ ಅದರ ಹಿಡಿತ 350ರಿಂದ 480 ಕಿಲೋ ಬಲದಷ್ಟು. ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ, ಅಂದರೆ ಬಿರುಸಾಗಿ ನಡೆಯುವ ವೇಗದಲ್ಲಿ, ಅಡ್ಡಲಾಗಿ ಹರಿಯುವ ನೀರು ಗಾಡಿಯ ಮುಳುಗಿದ ಪಕ್ಕಕ್ಕೆ ತಳ್ಳುವ ಬಲ ಸುಮಾರು 450 ಕಿಲೋ. ಹರಿವಿನ ವೇಗ ದ್ವಿಗುಣವಾದರೆ ತಳ್ಳುವ ಬಲ ನಾಲ್ಕು ಪಟ್ಟು. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಎತ್ತರದ ಗಾಡಿಯವರೂ ಹಿಂದಿರುಗಬೇಕು. ಇದರಲ್ಲಿ ಧೈರ್ಯದ ಪ್ರಶ್ನೆಯೇ ಬರುವುದಿಲ್ಲ.

ಕಾರ್ಕಳದಲ್ಲಿ ನೆಲ ಮತ್ತೆ ಗಟ್ಟಿ. 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟನಿಗೆ ಪೀಠವಾದ ಕರಿಬಂಡೆಯ ಗುಡ್ಡಗಳು ಊರ ಸುತ್ತಲೂ ಎದ್ದಿವೆ. ಬಂಡೆಯ ಮೇಲೆ ಒಣಗಾಲದಲ್ಲಿ ಟಯರಿನ ಹಿಡಿತಕ್ಕೆ ಕೊರತೆಯೇ ಇಲ್ಲ. ಅಲ್ಲಿ ಬೇಕಾಗುವುದು ನಿಧಾನ. ಲೋ ರೇಂಜ್ ಗೇರು ಹಾಕಿದರೆ ಚಕ್ರಕ್ಕೆ ಸಿಗುವ ತಿರುಚುಬಲ ಎರಡೂವರೆ ಪಟ್ಟು ಹೆಚ್ಚಿ, ವೇಗ ಅಷ್ಟೇ ಪಾಲು ತಗ್ಗುತ್ತದೆ, ನಡೆಯುವ ವೇಗದಲ್ಲಿ ಮೆಟ್ಟಿಲಿನಂಥ ಕಲ್ಲನ್ನೂ ಹತ್ತಬಹುದು.

ತೋಟದಿಂದ ವಾಪಸು ಬರುವಾಗ ಗಾಡಿ ಹೋಗುವಾಗಿನದಕ್ಕಿಂತ ಮೆತ್ತಗೆ ಓಡುವುದನ್ನು ಮನೆಮಂದಿ ಗಮನಿಸುತ್ತಾರೆ. ಇದು ಭ್ರಮೆಯಲ್ಲ. ಹಿಂದಿನ ಅಚ್ಚಿನ ಮೇಲಿರುವ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗನ್ನು ತುಂಬಿದ ಹೊರೆಗೆ ತಕ್ಕಂತೆ ಬಿಗಿಯಾಗಿ ಮಾಡಿರುತ್ತಾರೆ. ಖಾಲಿಯಿದ್ದಾಗ ಅದು ಬಾಗುವುದೇ ಕಡಿಮೆ, ರಸ್ತೆಯ ಪ್ರತಿ ಗುಂಡಿಯೂ ನೇರ ಬೆನ್ನಿಗೆ. ಸ್ಪ್ರಿಂಗು ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬುದು ಅದರ ಬಿಗಿತವನ್ನು ಭಾರದಿಂದ ಭಾಗಿಸಿದ್ದರ ವರ್ಗಮೂಲವನ್ನು ಅವಲಂಬಿಸಿದೆ. ಹಿಂದಿನ ಸ್ಪ್ರಿಂಗಿನ ಮೇಲೆ ಖಾಲಿಯಲ್ಲಿ 700 ಕಿಲೋ ಇತ್ತೆನ್ನಿ. 50 ಕಿಲೋದ ಆರು ಮೂಟೆ ಕಾರ್ಲ ಕಜೆ ಅಕ್ಕಿ ಹೇರಿದರೆ ತೂಗಾಟದ ವೇಗ ಆರನೇ ಒಂದು ಪಾಲು ಇಳಿಯುತ್ತದೆ. ಮನುಷ್ಯನ ದೇಹಕ್ಕೆ ಅತಿ ಹೆಚ್ಚು ಕಿರಿಕಿರಿ ಮಾಡುವುದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ಮೇಲೆಕೆಳಗಿನ ಕುಲುಕಾಟ. ಆ ವಲಯದಿಂದ ಎಷ್ಟು ಕೆಳಗಿದ್ದರೆ ಅಷ್ಟು ಸುಖ. ಜೊತೆಗೆ ಹಿಂದಿನ ಚಕ್ರಗಳಿಗೆ ಬೇಕಿದ್ದ ಭಾರವೂ ಬಂತು, ಶೇಡಿಯ ಏರಿನಲ್ಲಿ ಬಾಲ ಸರಿಯುವುದು ನಿಂತಿತು. ದಿನವೂ ಖಾಲಿ ಓಡಿಸುವವರು ಹಿಂದಿನ ಟಯರಿಗೆ, ಕಂಪನಿ ಖಾಲಿ ಗಾಡಿಗೆಂದು ಬರೆದ ಒತ್ತಡವನ್ನೇ ಇಡಲಿ. ಹೊರೆಯ ಗಾಡಿಗೆ ಹೇಳಿದ ಒತ್ತಡ ಇಟ್ಟರೆ ಬೆನ್ನೂ ಹಿಡಿತವೂ ಎರಡೂ ಕೆಡುತ್ತವೆ.

ಕಾರ್ಕಳದಿಂದ ಹೆಬ್ರಿಗೆ ಹೋಗಿ ಆಗುಂಬೆ ಹತ್ತಿ ಇಳಿಯುವವರಿಗೆ ತೂಕದ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಸುಮಾರು ಅರ್ಧ ಕಿಲೋಮೀಟರ್ ಎತ್ತರ ಇಳಿಯಬೇಕು. ಎರಡು ಟನ್ನಿಗೂ ಹೆಚ್ಚಿನ ಗಾಡಿ ಅಷ್ಟು ಎತ್ತರದಿಂದ ತಂದ ಶಕ್ತಿ ಹತ್ತು ಮೆಗಾಜೂಲ್. ಬ್ರೇಕಿನ ಡಿಸ್ಕು, ಡ್ರಮ್ಮುಗಳ ಕಬ್ಬಿಣ ಒಟ್ಟು 40 ಕಿಲೋ ಇದ್ದು, ಆ ಶಕ್ತಿಯೆಲ್ಲ ಅದರಲ್ಲೇ ಉಳಿದರೆ ಬಿಸಿ 500 ಡಿಗ್ರಿಗೂ ಮೀರಿ ಏರಬೇಕು. ಗಾಳಿಗೆ ಸಾಕಷ್ಟು ಹೋಗುತ್ತದೆ ನಿಜ, ಆದರೂ ಇಡೀ ಘಾಟಿಯನ್ನು ಬ್ರೇಕಿನ ಮೇಲೇ ಇಳಿದರೆ ಪ್ಯಾಡಿನ ಹಿಡಿತ ಸೋಲುವಷ್ಟು ಬಿಸಿಯಾಗುತ್ತದೆ. ಎರಡನೇ ಗೇರಿನಲ್ಲಿ ಎಂಜಿನ್ನೇ ತಡೆಯಲಿ. ಬ್ರೇಕು ತಿರುವಿಗೆ ಮಾತ್ರ. ಘಾಟಿಯ ಬುಡದ ಸೋಮೇಶ್ವರಕ್ಕೆ ಇಳಿದ ಕೂಡಲೇ ಪಕ್ಕದ ತೋಟದ ತೋಡು ದಾಟುವ ಅವಸರವನ್ನೂ ಮಾಡಬಾರದು. ಓಟದಿಂದ ಬಿಸಿಯಾದ ಅಚ್ಚಿನ ಪೆಟ್ಟಿಗೆಯೊಳಗಿನ ಗಾಳಿ ತಣ್ಣೀರು ತಾಗಿದ ಒಡನೆ ಕುಗ್ಗಿ, ಉಸಿರಾಟದ ಸಣ್ಣ ಕೊಳವೆ ಕಟ್ಟಿಕೊಂಡಿದ್ದರೆ, ಸೀಲುಗಳ ಸಂದಿನಿಂದ ನೀರನ್ನೇ ಒಳಗೆಳೆಯುತ್ತದೆ. ಕಾಲು ಗಂಟೆ ನಿಲ್ಲಿಸಿ ತಣಿಯಲು ಬಿಡಿ. ಆಳದ ನೀರು ದಾಟಿದ ವಾರದೊಳಗೆ ಡಿಫರೆನ್ಶಿಯಲ್ಲಿನ ತುಂಬುವ ಬಿರಡೆ ತೆಗೆಸಿ ಆಯಿಲ್ ನೋಡಿ. ಅದು ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಮುಂದಿನ ಸರ್ವಿಸಿಗೆ ಕಾಯದೆ ಅಂದೇ ಬದಲಾಯಿಸಿ.